ಕಂದು ಬಾಟಲಿ

ಗಲೀಸಿಯಾದ ಕೊರ್ಮೆಯಲ್ಲಿ ಬಂಡೆಗಂಟಿದ ಪೆರ್ಸೆಬೆ ಕೀಳುವವರ
ಮೊಣಕಾಲು ಸ್ವಂತದ್ದಲ್ಲ, ಕಡಲಿಗೆ ಅಡವಿಟ್ಟದ್ದು.
ಅದಕ್ಕೇ ಮನೆಮನೆಯ ಕಪಾಟಿನಲ್ಲೂ ಈ ಕಂದು ಬಾಟಲಿ:
ಶೇಕಡಾ ಮೂರು.
ತಂಗಿ ಉಶೀಯಾ ಗಿರಾಕಿಗಳ ಕೂದಲಿಗೆ ಹಚ್ಚುವುದು ಬೇರೆ,
ಹೆಸರು ಅದೇ, ತಾಗಿದರೆ ಚರ್ಮ ಬೆಳ್ಳಗೆ ಬೇಯುತ್ತದೆ.
ಜಗಳವಾಡಿ ಅದನ್ನು ಅವಳ ಅಂಗಡಿಗೇ ಅಟ್ಟಿದ್ದೇನೆ.

ಅಜ್ಜಿ ದೊಸಿಂದಾ ನೊರೆಯನ್ನು ನಂಬಿದವಳು.
ಅಪ್ಪನ ಹಿಮ್ಮಡಿ ಸೀಳಿದಾಗ ಬೆಳಗೂ ಬೈಗೂ ಸುರಿದಳು,
‘ಬುಸುಗುಟ್ಟಲಿ ಬಿಡು, ನಂಜು ಹೊರಬೀಳುತ್ತಿದೆ.’
ಹದಿನೈದು ದಿನವಾದರೂ ಗಾಯ ಬಾಯಿ ಮುಚ್ಚಲಿಲ್ಲ.
ಔಷಧಿ ಅಂಗಡಿಯ ಎಲಾದಿಯೊ ಕನ್ನಡಕ ಒರೆಸುತ್ತ ಹೇಳಿದ:
ನೊರೆಗೆ ಕಣ್ಣಿಲ್ಲ, ದೊಸಿಂದಾ.
ಕೊಳೆಯ ಮೇಲೂ ಉಕ್ಕುತ್ತದೆ, ನಿನ್ನೆ ರಾತ್ರಿ ಹುಟ್ಟಿದ
ಎಳೆ ಮಾಂಸದ ಮೇಲೂ.
ಸಾಯುವ ತನಕ ಅವಳು ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ;
ಆದರೆ ಬಾಟಲಿಗೆ ಮುಚ್ಚಳ ಹಾಕಿದಳು. ಕಾಲು ಮಾಗಿತು.

ಇವತ್ತು ನನ್ನ ಬ್ರೈಸ್ ಬಂದರಿನ ಪಾಚಿಮೆಟ್ಟಿಲಲ್ಲಿ ಜಾರಿದ.
ನಲ್ಲಿ ನೀರು, ಸೋಪು, ಚಿಮಟದ ತುದಿಯಲ್ಲಿ ಚಿಪ್ಪಿನ ಚೂರು.
ಅಷ್ಟೇ ಸಾಕಿತ್ತು, ನನಗೂ ಗೊತ್ತು.
ಆದರೂ ಹತ್ತಿ ತೊಯ್ಯುವಷ್ಟು, ಒಂದೇ ಒಂದು ಸಲ,
ಅಜ್ಜಿಯ ಪಾಲು.
ಹಾಲಿನಂತೆ ಉಕ್ಕಿತು. ಅಳುವುದನ್ನೂ ಮರೆತು
‘ಇನ್ನೊಂದ್ಸಲ, ಅಮ್ಮಾ, ಇನ್ನೊಂದ್ಸಲ!’
ಇಲ್ಲ ಮಗಾ, ಇದು ಆಟವಲ್ಲ;
ಕಣ್ಣಿಗಲ್ಲ, ಬಾಯಿಗಲ್ಲ, ಆಳದ ಗಾಯಕ್ಕಂತೂ ಅಲ್ಲವೇ ಅಲ್ಲ.
ತೊಳೆದು, ಒತ್ತಿ ಆರಿಸಿ, ಬಟ್ಟೆ ಕಟ್ಟಿದೆ.

ಮುಚ್ಚಳ ತಿರುಪಿ ಮತ್ತೆ ಕಪಾಟಿನ ಕತ್ತಲೆಗೆ.
ಬೆಳಕು ಕಂಡರೆ ಇದು ಬರೀ ನೀರಾಗಿಬಿಡುತ್ತದಂತೆ, ದಿನೇ ದಿನೇ,
ಯಾರಿಗೂ ಹೇಳದೆ.
ತಳದಲ್ಲಿ ಎರಡು ಬೆರಳಷ್ಟು ಉಳಿದಿದೆ.
ಚಳಿಗಾಲದ ಕಡಲು ಇನ್ನೂ ಶುರುವಾಗಿಲ್ಲ.