ಡಬ್ಬಿ ತಟ್ಟುವವನು

ನಲವತ್ತೊಂದು ವರ್ಷ ಅಪ್ಪ
ಮತೊಸಿನ್ಯೋಸ್ ಬಂದರಿನ ಸಾರ್ಡೀನ್ ಕಾರ್ಖಾನೆಯಲ್ಲಿ
ಡಬ್ಬಿ ತಟ್ಟುತ್ತಿದ್ದ.
ಕೈಯಲ್ಲೊಂದು ಕಡ್ಡಿ, ತುದಿಗೆ ಹಿತ್ತಾಳೆಯ ಗುಂಡು.
ಟಕ್. ಟಕ್. ಟಕ್.
ಮಡಕೆ ಕೊಳ್ಳುವವರು ಬಡಿದು ನೋಡುವ ಹಾಗೆ.
ಒಳಗೆ ಗಾಳಿ ಸೇರಿದ್ದರೆ, ಬೆಸುಗೆ ಬಿಟ್ಟಿದ್ದರೆ
ಸದ್ದೇ ಹೇಳುತ್ತಿತ್ತಂತೆ.
ಚೀಟಿ ಓದುತ್ತಲೇ ಇರಲಿಲ್ಲ ಅವನು.
"ಚೀಟಿ ಅಂಟಿಸುವುದು ಕೊನೆಗೆ," ಅನ್ನುತ್ತಿದ್ದ,
"ಎಲ್ಲ ಮುಚ್ಚಿ ಆದಮೇಲೆ."

ಈಗ ಅವನು ಒಲೆ ಹಚ್ಚಿ ಮರೆಯುತ್ತಾನೆ.
ಪರದೆ ಒಮ್ಮೆ ಹೊತ್ತಿಕೊಂಡಿತ್ತು, ನಾನು ಪಕ್ಕದ ಕೋಣೆಯಲ್ಲಿದ್ದಾಗಲೇ.
ಪೌರಸಭೆಯ ಹುಡುಗ ಕೊಟ್ಟ ಹಾಳೆಯಲ್ಲಿ
ಏಳು ವೃದ್ಧಾಲಯಗಳ ಹೆಸರು.

ಮೊದಲನೆಯದರ ಹಜಾರದಲ್ಲಿ ಬಿಳಿ ಆರ್ಕಿಡ್,
ಅಮೃತಶಿಲೆ, ನಿಂಬೆಯ ಪರಿಮಳ.
ಇಷ್ಟೊಂದು ನಿಂಬೆ ಯಾಕೆ ಬೇಕಾಯಿತು ಅಂತ
ಮೂಗು ಕೇಳಿತು, ನಾನು ಕೇಳಲಿಲ್ಲ.
ನಿರ್ದೇಶಕಿ ಆಲ್ಬಮ್ ತೆರೆದರು:
ಕಾರ್ನಿವಲ್ ಟೋಪಿ ಹಾಕಿಸಿಕೊಂಡ ಮುದುಕರು,
ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ.
ನೀರಿನ ಲೋಟಗಳು ಮೇಜಿನ ಆಚೆಯಂಚಿಗೆ ಸಾಲಾಗಿ,
ಕೈಗೆಟುಕದಷ್ಟು ಅಚ್ಚುಕಟ್ಟಾಗಿ.
ಎಲ್ಲೋ ಒಂದು ಕರೆಗಂಟೆ ಹೊಡೆದುಕೊಳ್ಳುತ್ತಿತ್ತು.
ಎಣಿಸಿದೆ. ಇನ್ನೂರಕ್ಕೆ ಬಿಟ್ಟೆ.
ನಿರ್ದೇಶಕಿ ಶುಲ್ಕದ ವಿವರ ಹೇಳುತ್ತಲೇ ಇದ್ದರು,
ಗಂಟೆಗಿಂತ ತುಸು ಜೋರಾಗಿ.

ಐದನೆಯದರ ಗೋಡೆ ಸುಣ್ಣ ಉದುರಿಸುತ್ತಿತ್ತು.
ಲಿಫ್ಟಿಗೆ ಒಂದು ಕುರ್ಚಿ ಅಡ್ಡ ಇಟ್ಟಿದ್ದರು, ಕೆಟ್ಟಿದೆ ಅನ್ನಲು.
ಹೇಳದೆ ಹೋಗಿದ್ದೆ, ಊಟದ ಹೊತ್ತಿಗೆ.
ಕೇಪ್ ವರ್ಡಿಯ ಹೆಂಗಸೊಬ್ಬಳು, ಜುಲ್ಮಿರಾ,
ಒಬ್ಬ ಮುದುಕಿಗೆ ಸೂಪು ಕುಡಿಸುತ್ತಿದ್ದಳು,
ಕೂತು. ನಿಂತುಕೊಂಡಲ್ಲ, ಕೂತು.
ಚಮಚ ತುಟಿಯ ಬಳಿ ಹಿಡಿದು ಕಾಯುತ್ತಿದ್ದಳು
ಬಾಯಿ ತಾನಾಗಿ ತೆರೆಯುವ ತನಕ.
ಸ್ವೆಟರಿನ ಕತ್ತಿನ ಪಟ್ಟಿಯಲ್ಲಿ ಹೊಲಿದ ಹೆಸರು ಎರ್ಮೆಲಿಂದಾ,
ಅವಳು ಕರೆಯುತ್ತಿದ್ದ ಹೆಸರೂ ಎರ್ಮೆಲಿಂದಾ.

ಒಂದಗುಳು ಹಿಸುಕಿದರೆ ಸಾಕು, ಅನ್ನ ಬೆಂದದ್ದು ತಿಳಿಯುತ್ತದಂತೆ.
ಸಾಕೇ? ಹಸಿ ಅಗುಳು ತಳದಲ್ಲಿದ್ದರೆ?
ರಾತ್ರಿ ಪಾಳಿಗೆ ಎಷ್ಟು ಜನ, ಕೇಳಿದೆ.
"ಮೂವತ್ತೆಂಟು ಮಂದಿಗೆ ಇಬ್ಬರು. ಸಾಲುವುದಿಲ್ಲ," ಅಂದಳು.
ಮಿಕ್ಕ ಆರು ಕಡೆಯೂ ಸಾಲುತ್ತದೆ ಅಂದಿದ್ದರು.

ಅಪ್ಪನನ್ನು ಅಲ್ಲಿಗೇ ಕರೆದೊಯ್ದೆ.
ಬಾಗಿಲ ಚೌಕಟ್ಟು ತಟ್ಟಿದ, ಮಂಚದ ಕಂಬಿ ತಟ್ಟಿದ,
ಕಿವಿಯಿಟ್ಟ. ಏನೂ ಹೇಳಲಿಲ್ಲ.

ನವೆಂಬರಿನಲ್ಲಿ ಅವನ ಮುಂಗೈ ಮೇಲೆ
ಅಂಗೈಯಗಲ ನೇರಳೆ ಕಲೆ.
ನಾನು ಬಾಯಿ ತೆರೆಯುವ ಮೊದಲೇ
ಜುಲ್ಮಿರಾ ನೋಟುಬುಕ್ಕು ತಂದಳು:
"ಮಂಗಳವಾರ, ಬೆಳಗಿನ ಜಾವ ಮೂರೂ ಹತ್ತು.
ಕಿಟಕಿಗೆ ಕೈಚಾಚಿ ಬಿದ್ದರು. ಗಂಟೆ ಒತ್ತಿದ್ದರು.
ನಾನು ಎರಡನೇ ಮಹಡಿಯಲ್ಲಿದ್ದೆ. ತಡವಾಯಿತು."
ಕೊನೆಯ ಪದದ ಕೆಳಗೆ ಗೆರೆ,
ಅವಳದೇ ಪೆನ್ನಿನದು.

ಕೋಪ ಬಂತು. ಬರದೆ ಏನು.
ಎಲ್ಲಿಡಬೇಕು ಅದನ್ನು ಅಂತ ತಿಳಿಯದೆ
ಕೈಚೀಲದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತೆ.
ಮೂವತ್ತೆಂಟಕ್ಕೆ ಇಬ್ಬರು.
ಮನೆಯಲ್ಲಿ ಅವನೊಬ್ಬ, ನಾನೊಬ್ಬಳು;
ಆದರೂ ಪರದೆ ಹೊತ್ತಿಕೊಂಡಿತ್ತು.

ಅಪ್ಪ ಜುಲ್ಮಿರಾಳ ಮಣಿಕಟ್ಟು ಹಿಡಿದೆಳೆದ.
ಅವಳ ಅಂಗೈ ಮೇಲೆ ಬೆರಳ ಗೆಣ್ಣಿನಿಂದ ಬಡಿದ,
ಒಮ್ಮೆ, ಮತ್ತೊಮ್ಮೆ.
ಕೈ ಟಕ್ ಅನ್ನುವುದಿಲ್ಲ.
ತಲೆ ಓರೆ ಮಾಡಿ ಬಹಳ ಹೊತ್ತು ಆಲಿಸಿದ.
ಅವಳು ಕೈ ಎಳೆದುಕೊಳ್ಳಲಿಲ್ಲ,
ಹೊರಗೆ ಯಾರದೋ ಗಂಟೆ ಹೊಡೆಯಲು ಶುರುವಾಗಿದ್ದರೂ.

ಆಮೇಲೆ ಆ ಕೈಯನ್ನು ಮೆಲ್ಲಗೆ
ತನ್ನ ಎಡಕ್ಕೆ ಸರಿಸಿದ.

ಕಾರ್ಖಾನೆಯಲ್ಲಿ ಎಡಕ್ಕೆ ಸರಿದದ್ದು
ಹಡಗಿಗೋ, ತಿಪ್ಪೆಗೋ?
ನಲವತ್ತೊಂದು ವರ್ಷ, ನಾನು ಒಮ್ಮೆಯೂ ಕೇಳಿರಲಿಲ್ಲ.