ನಲವತ್ತು ಸಾವಿರದ ಮನೆ

ನಲವತ್ತು ಸಾವಿರದ ಮನೆಯಲ್ಲಿ ಏಳು ಎಂದು ಬರೆದರೆ
ಐವತ್ತಾರು ಸಾವಿರದ ಮುನ್ನೂರ ಎಂಬತ್ತನಾಲ್ಕರಲ್ಲೂ ಏಳು.
ಒಂದು ಮನೆಗೆ ದೀಪ ಹಚ್ಚಿದರೆ
ಎರಡು ಮನೆಯಲ್ಲಿ ಬೆಳಕು.
ಗಾದೆಗಾದರೆ ಚೆಂದ. ಕಂಪ್ಯೂಟರಿಗಲ್ಲ.

ವೂಚ್ ನಗರ, ನಾಲ್ಕನೇ ಮಹಡಿ, ಹನ್ನೊಂದನೇ ರಾತ್ರಿ.
ನನ್ನ ತಮ್ಮನಷ್ಟು ವಯಸ್ಸಿನ ಯಂತ್ರ,
ಅದರ ಬೆನ್ನಿಗೆ ನಾನೇ ಕೂಡಿಸಿದ ಹಲಗೆ:
ಎಂಟು ಚಿಪ್, ಕೂದಲೆಳೆಯ ತಂತಿ ನೂರಾರು,
ಹಾಸಿಗೊಂದು ವಿಳಾಸ, ಹೊಕ್ಕಿಗೊಂದು ವಿಳಾಸ.
ಟ್ರಾಮಿನ ಮೋಟಾರು ಬಿಚ್ಚಿ ಕಟ್ಟುವ ಈ ಕೈಗೆ
ಇಷ್ಟು ಸಣ್ಣ ಕೆಲಸ ಒಗ್ಗಲಿಲ್ಲ ಅನ್ನಿ.

ಚಿಪ್‌ಗಳನ್ನು ಅದಲು ಬದಲು ಮಾಡಿದೆ. ಅದೇ ಏಳು.
ವೋಲ್ಟು ಅಳೆದೆ. ಐದಕ್ಕೆ ಐದು.
ಬೆಸುಗೆ ಬೆಸುಗೆಗೂ ಮೀಟರಿನ ಸೂಜಿ ಒತ್ತಿದೆ,
ಎಲ್ಲ ಕಡೆ ಕೀಂ ಎಂದಿತು, ನಂಬಿದೆ.
ಒತ್ತಿ ಕೇಳಿದರೆ ಎಲ್ಲವೂ ಹೌದೆನ್ನುತ್ತದೆ
ಎಂಬುದು ಆಮೇಲೆ ತಿಳಿದದ್ದು.

ರಾಳದ ಹೊಗೆ ಮೆಟ್ಟಿಲಿಳಿದು ಹೋಗಿ
ಗೆನೊವೆಫಾ ಅಜ್ಜಿಯನ್ನು ಕರೆತಂದಿತು.
ಬೈದಳು. ಆಮೇಲೆ ಹಲಗೆಯ ಬೆನ್ನು ಕಂಡಳು.
ಮೂವತ್ತೊಂದು ವರ್ಷ ಗಿರಣಿಯಲ್ಲಿ
ಮಗ್ಗದಿಂದಿಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು
ಬಿಟ್ಟುಹೋದ ಎಳೆ ಹುಡುಕಿದವಳು,
ನನ್ನ ಕೇಳದೆ ಎತ್ತಿ, ದೀಪಕ್ಕೆ ಓರೆ ಹಿಡಿದಳು.
ಹಾಗೆ, ಹೀಗೆ. ಒಮ್ಮೆ ಸೀನಿದಳು.

“ಇದೊಂದು ಎಳೆ ಹೊಳೆಯುತ್ತಿದೆ. ಮಿಕ್ಕವು ಮಂಕು.
ಹೊಳೆಯುವುದು ತಪ್ಪೋ, ಮಂಕಾಗಿರುವುದು ತಪ್ಪೋ,
ಅದು ನಿನ್ನ ತಲೆನೋವು.”

ಹೊಳೆಯುವುದೇ ತಪ್ಪು.
ತಂತಿಯ ಮೈಮೇಲಿನ ಅರಗು ಸುಟ್ಟಿರಲಿಲ್ಲ.
ತವರದ ಹನಿಯೊಳಗೆ ಕತ್ತಿನವರೆಗೆ ಮುಳುಗಿ
ತವರವನ್ನು ಮುಟ್ಟದೆ ಇತ್ತು,
ಕೋಟು ಬಿಚ್ಚದೆ ಕೂತ ನೆಂಟನ ಹಾಗೆ.

ಸುಟ್ಟೆ. ಮತ್ತೆ ಹೊಗೆ. ಈ ಸಲ ಬೈಯಲಿಲ್ಲ.
ನಲವತ್ತು ಸಾವಿರದಲ್ಲಿ ಏಳು.
ಐವತ್ತಾರರ ಆ ಮನೆಯಲ್ಲಿ ಕತ್ತಲೆ.
ಎಂಥ ಒಳ್ಳೆಯ ಕತ್ತಲೆ!

“ಇನ್ನು ಇದರೊಳಗೆ ಏನಿಡುತ್ತೀ?”
ಹನ್ನೊಂದು ರಾತ್ರಿಯಲ್ಲಿ ಈ ಪ್ರಶ್ನೆ ನನಗೇ ಬಂದಿರಲಿಲ್ಲ.
ಒಂದು ಮನೆಗೆ ಇನ್ನೂರ ಐವತ್ತೈದರವರೆಗೆ ಹಿಡಿಸುತ್ತದೆ
ಎಂದೆ, ಏನಾದರೂ ಹೇಳಬೇಕಲ್ಲ ಎಂದು.
“ನನ್ನದು ಇನ್ನೂರ ಹದಿನಾಲ್ಕು.”
ತಪ್ಪಿಲ್ಲದ ಥಾನಿನ ಅಂಚಿಗೆ ಅವಳೊತ್ತುತ್ತಿದ್ದ ಮೊಹರು.
ಹಾಗಾದರೆ ಹಿಡಿಸುತ್ತದೆ.

ಒಂದೇ ಬೆರಳಲ್ಲಿ ತಾನೇ ಒತ್ತಿದಳು:
ಎರಡು. ಹುಡುಕಿ, ಒಂದು. ನಾಲ್ಕು.
ಓದಿ ನೋಡಿದೆವು. ಇತ್ತು. ಅಲ್ಲಿ, ಅಲ್ಲಿ ಮಾತ್ರ.

ಸ್ವಿಚ್ಚು ಆರಿಸಿದರೆ ಹೋಗುತ್ತದೆ ಎಂದು ಹೇಳಬೇಕಾಯಿತು.
“ಗೊತ್ತು,” ಎಂದಳು ಕುರ್ಚಿ ಎಳೆದುಕೊಂಡು.
“ಟೀಗೆ ಇಡು.”