ಒಂದೋ ಏಳೋ

ವರ್ಲಿನ್ ಹಾಗನ್‌ನ ಗ್ಯಾರೇಜಿನ ಮೇಜಿನ ಮೇಲೆ
ಮೂರು ಪುಸ್ತಕ ಅಂಗಾತ ಮಲಗಿವೆ.
ಒಂದಕ್ಕೆ ರಟ್ಟಿಲ್ಲ, ಒಂದರ ಮೈಮೇಲೆ ಕಾಫಿಯ ಬಳೆ,
ಮೂರನೆಯದು ಹೋದ ವಾರ ಬಂದದ್ದು, ಇನ್ನೂ ಅಂಟಿನ ವಾಸನೆ.
ಹೊರಗೆ ಮೈಲ್ಸ್ ಸಿಟಿಯ ನವೆಂಬರ್.
ಟಂಗ್ ನದಿಯ ಅಂಚಿಗೆ ಆಗಲೇ ಮಂಜಿನ ಕಂಬಿ.

"ನೀನು ಔಷಧಿ ಅಂಗಡಿಯವಳು, ಸಣ್ಣಕ್ಷರ ನಿನಗೆ ಹೆದರುತ್ತೆ.
ಓದು."

ಓದಿದೆ.
ಅದೇ ಗುಂಡು, ಅದೇ ತೂಕ, ಅದೇ ಡಬ್ಬಿಯ ಮದ್ದು.
(ಕೊಲ್ಲುವುದಕ್ಕೂ ಕಾಯುವುದಕ್ಕೂ ನನ್ನ ಭಾಷೆಯಲ್ಲಿ ಒಂದೇ ಮಾತು.
ಹೇಳಿದರೆ ಇವನಿಗೆ ಅರ್ಥವಾದೀತೇ? ಹೇಳಲಿಲ್ಲ.)
ಇಲ್ಲಿಗೆ ಸಾಕು ಅನ್ನುತ್ತದೆ ಹೊಸದು.
ಕಾಫಿ ಕುಡಿದದ್ದು, ಇನ್ನೊಂದು ಗ್ರೇನ್ ಇರಲಿ ಅನ್ನುತ್ತದೆ.
ರಟ್ಟಿಲ್ಲದ ಮುದುಕ ಎರಡೂವರೆ ಮೇಲೆ ಹತ್ತಿ
ಮೀಸೆ ತಿರುವುತ್ತಾನೆ.

ಗ್ರೇನ್ ನನಗೆ ಹೊಸದಲ್ಲ, ಹಳೇ ಆಸ್ಪಿರಿನ್ ಸೀಸೆಗಳ ಮೇಲೆ ಕಂಡದ್ದು.
ನಮ್ಮಪ್ಪನ ತಕ್ಕಡಿಯಲ್ಲಾದರೆ
ಅರ್ಧ ಗುಲಗಂಜಿಗಿಂತ ಒಂದು ಕೂದಲು ಹೆಚ್ಚು.
ಅಷ್ಟರಲ್ಲಿ ಒಂದು ಮೂಗುಬೊಟ್ಟು ಹಗುರವಾಗುತ್ತಿತ್ತು,
ಅಷ್ಟರಲ್ಲಿ ಇಲ್ಲಿ ಬೋಲ್ಟು ಕಚ್ಚಿಕೊಳ್ಳುತ್ತದಂತೆ.

"ಹಾಗಾದರೆ ಸುಳ್ಳು ಹೇಳೋರು ಯಾರು?"
"ಯಾರೂ ಇಲ್ಲ.
ಅವರವರ ನಳಿಗೆಯಲ್ಲಿ ಅವರವರು ಹೊಡೆದು ಬರೆದದ್ದು.
ನನ್ನ ರೈಫಲನ್ನು ಯಾವ ಪುಸ್ತಕವೂ ನೋಡಿಲ್ಲ."

ಆಮೇಲೆ ಮುದುಕ ಪುಸ್ತಕದ ಅಂಚಿಗೆ ಬೆರಳಿಟ್ಟ.
ಸೀಸದಕಡ್ಡಿಯ ಬರಹ. ತಮ್ಮ ಆರಿನ್‌ನದು.
ಒಂದು ತಾರೀಖು, ಒಂದು ಅಂಕಿ,
ಪಕ್ಕದಲ್ಲಿ "ಸಕ್ಕರೆ" ಎಂಬ ಒಂದೇ ಪದ.
"ಈ ಬಿಂದುವಿನಾಚೆ ಇರೋದು
ಒಂದೋ ಏಳೋ?"

ಇಪ್ಪತ್ತಾರು ವರ್ಷ ಡಾಕ್ಟರುಗಳ ಗೀಚು ಓದಿದ್ದೇನೆ,
ಬಸವನಹುಳು ನಡೆದ ದಾರಿಯನ್ನೂ ಓದಿಯೇನು.
ಬೆಳಕಿಗೆ ಹಿಡಿದೆ. ಹಾಳೆಯ ಬೆನ್ನು ಸವರಿದೆ.
ತಲೆಯ ಮೇಲೊಂದು ಗೆರೆ ಇದೆಯೋ,
ಕಾಗದವೇ ಮಡಚಿ ಸುಕ್ಕಾದದ್ದೋ.

"ಗೊತ್ತಾಗದಿದ್ದರೆ ನಾವು ಊಹಿಸೋದಿಲ್ಲ, ವರ್ಲಿನ್.
ಬರೆದವರಿಗೆ ಫೋನ್ ಮಾಡ್ತೀವಿ."

ಅವನು ಕಿಟಕಿಯ ಕಡೆ ನೋಡಿದ.
ಅಣ್ಣತಮ್ಮಂದಿರು ಹನ್ನೊಂದು ವರ್ಷ ಮಾತಾಡಿರಲಿಲ್ಲ,
ಒಂದು ಬೇಲಿಯ ಕಾರಣಕ್ಕೆ ಎಂದು ಊರು ಹೇಳುತ್ತದೆ.
ಮಾರ್ಚಿನಲ್ಲಿ ಪುಸ್ತಕ ಅಂಚೆಯಲ್ಲಿ ಬಂತು,
ಆರಿನ್ ಹೋದ ಮೇಲೆ.

ಹೊಸ ಪುಸ್ತಕದ ಎಲ್ಲಕ್ಕಿಂತ ಕೆಳಗಿನ ಸಾಲು ಹಿಡಿದೆವು.
ಅವನು ಸುರಿದ, ನಾನು ಮುಳ್ಳು ನೋಡಿದೆ.
ಐದು ತೋಟಾ. ಪ್ರತಿಯೊಂದನ್ನೂ
ಎರಡೆರಡು ಸಲ ತೂಗಿಸಿದೆ, ಅಪ್ಪನ ಹಠ.

ಭಾನುವಾರ ಗುರಿಹಲಗೆಯ ಮೇಲೆ ಐದೂ ತೂತು
ಒಂದು ಗೇಣು ಕೆಳಗೆ, ಒಂದೇ ಕಡೆ ಗುಂಪಾಗಿ,
ಗದರಿಸಿ ಕೂರಿಸಿದ ಮಕ್ಕಳ ಹಾಗೆ.

ವರ್ಲಿನ್ ಬಹಳ ಹೊತ್ತು ದುರ್ಬೀನು ಇಳಿಸಲಿಲ್ಲ.
"ಏಳೇ ಇರಬೇಕು," ಎಂದ,
"ಅವನಿಗೆ ಯಾವತ್ತೂ ಸ್ವಲ್ಪ ಜಾಸ್ತಿಯೇ ಬೇಕಿತ್ತು."

ಹಾಗಂತ ಪುಸ್ತಕದಲ್ಲಿ ತಿದ್ದಲಿಲ್ಲ.